ನಳಿನಿ ನಿಲ್ಲಿಸಿದ ಆಂಟೆನಾ

ಭಾನುವಾರ ಬೆಳಗ್ಗೆ ಹುರುಳಿಕಾಯಿ ಹೆಚ್ಚಲು ಹೊರಟ ಶೇಷಾದ್ರಿಗೆ ಹಲಗೆ ಸಿಗಲಿಲ್ಲ. ಸಿಂಕಿನ ಹಿಂದೆ ನೋಡಿದ, ಫ್ರಿಜ್ಜಿನ ಮೇಲೆ ನೋಡಿದ. ಬಾಲ್ಕನಿಗೆ ಬಂದರೆ ಹೆಂಡತಿ ನೆಲದ ಮೇಲೆ ಕೂತು ಅದೇ ಬಿಳಿ ಪ್ಲಾಸ್ಟಿಕ್ ಹಲಗೆಯನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದುಕೊಂಡು ಡ್ರಿಲ್ಲಿನಿಂದ ತೂತು ಕೊರೆಯುತ್ತಿದ್ದಳು. ಮೂರು ತೂತು ಆಗಿತ್ತು. ನಾಲ್ಕನೆಯದರ ಜಾಗವನ್ನು ಹೆಬ್ಬೆರಳಿನ ಉಗುರಿನಿಂದ ಗೀರಿ ಗುರುತು ಮಾಡುತ್ತಿದ್ದಳು.

"ಅಯ್ಯೋ, ಅದು ಅಡುಗೆಮನೆ ಹಲಗೆ ಕಣೇ!"

"ಗೊತ್ತು. ಪೈಪಿನ ಬುಡ ಕಬ್ಬಿಣಕ್ಕೆ ತಾಗಬಾರದು. ಕರೆಂಟು ಹರಿಯದ ದಪ್ಪ ಪ್ಲಾಸ್ಟಿಕ್ಕು ಬೇಕು. ಮನೇಲಿ ಇದ್ದಿದ್ದು ಇದೊಂದೇ."

"ಕೊಡು, ನಾನು ಕೊರೀತೀನಿ. ಕೈಗೆ ಗೀರಿಕೊಂಡೀಯ."

"ಹುರುಳಿಕಾಯಿ ತಟ್ಟೆ ಮೇಲೆ ಹೆಚ್ಚಿ," ಎಂದು ನಳಿನಿ ಡ್ರಿಲ್ಲಿನ ಗುಂಡಿ ಒತ್ತಿದಳು.

ನಳಿನಿಗೆ ನಲವತ್ತಾರು ವರ್ಷ. ತುಮಕೂರಿನಲ್ಲಿ ಕಾಲೇಜು ಓದುವಾಗಲೇ ಕಣ್ಣಿನ ಹಿಂದಿನ ಪದರ ಸವೆಯತೊಡಗಿ, ಇಪ್ಪತ್ತೆರಡು ತುಂಬುವ ಹೊತ್ತಿಗೆ ಬೆಳಕು ಕತ್ತಲೆಯ ವ್ಯತ್ಯಾಸ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಮೂವತ್ತು ದಾಟುವಷ್ಟರಲ್ಲಿ ಅದೂ ಹೋಯಿತು. ಬ್ಯಾಂಕಿನಲ್ಲಿ ಟೆಲಿಫೋನ್ ಆಪರೇಟರ್ ಕೆಲಸ ಸಿಕ್ಕಾಗ ಸಂಬಳದ ಖಾತೆ ತೆರೆಯಲು ಕಣ್ಣಿರುವವರೊಬ್ಬರ ಸಾಕ್ಷಿ ಸಹಿ ಬೇಕೆಂದರು. ಆಡಳಿತ ಕಚೇರಿಗೆ ಎಂಟು ತಿಂಗಳು ಕಾಗದ ಬರೆದು, ಬರಿಯ ತನ್ನ ಸಹಿಯಿಂದಲೇ ಖಾತೆ ತೆರೆದವಳು ಅವಳು. ಕಾಗದದ ಮೇಲೆ ರಟ್ಟಿನ ತುಂಡೊಂದನ್ನು ಇಟ್ಟು, ಅದರ ಅಂಚಿಗೆ ಪೆನ್ನು ತಾಗಿಸಿ ನೆಟ್ಟಗೆ ಸಹಿ ಹಾಕುತ್ತಿದ್ದಳು. ಗಂಡ ಶೇಷಾದ್ರಿ ಕೇಂದ್ರ ಸರ್ಕಾರದ ಲೆಕ್ಕಪರಿಶೋಧನೆಯಲ್ಲಿದ್ದ. ಅವನಿಗೆ ಅಹಮದಾಬಾದಿಗೆ ವರ್ಗವಾದಾಗ ಅವಳೂ ಕೇಳಿಕೊಂಡು ನವರಂಗಪುರದ ವಲಯ ಕಚೇರಿಗೆ ಬಂದಳು. ಬಂದು ಹದಿಮೂರು ವರ್ಷ. ಊರಂಚಿನ ಬೋಪಾಲ್ ಬಡಾವಣೆಯ ಈ ಐದಂತಸ್ತಿನ ಕಟ್ಟಡದ ಮೇಲಿನ ಮಹಡಿಯಲ್ಲಿ ಸ್ವಂತ ಫ್ಲ್ಯಾಟು ಕೊಂಡು ಆರು. ಮಗಳು ನಿಶ್ಚಿತಾ ಸೂರತ್ತಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಳು.

ಮನೆಯಿಂದಲೇ ದೂರದೇಶದ ಹವ್ಯಾಸಿಗಳೊಡನೆ ಸಂಪರ್ಕ ಸಾಧಿಸುವ ಹ್ಯಾಮ್ ರೇಡಿಯೊದ ಹುಚ್ಚು ಹತ್ತಿಸಿದವರು ವಡೋದರಾದ ವಾಮನರಾಯರು. ಗದಗಿನ ಕಡೆಯವರು. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ದುಡಿದು ನಿವೃತ್ತರಾಗಿ ಅಲ್ಲಿನ ಅಲ್ಕಾಪುರಿಯಲ್ಲಿ ಮಗಳ ಮನೆಯ ಪಕ್ಕ ನೆಲೆಸಿದ್ದರು. ಕನ್ನಡ ಸಂಘದ ಯುಗಾದಿ ಊಟದಲ್ಲಿ ಪಕ್ಕದ ಎಲೆಗೆ ಕೂತಿದ್ದ ಅವರು, ನಳಿನಿ ಟೇಬಲ್ಲಿನ ಮೇಲೆ ಬೆರಳಿನಿಂದ ತಾಳ ಹಾಕುವುದನ್ನು ನೋಡಿ, "ನಿನ್ನ ಕಿವಿ ಭಾಳ ಛಲೋ ಅದ ತಂಗೀ, ಮೋರ್ಸ್ ಕಲೀತೀಯೇನು?" ಎಂದು ಕೇಳಿದ್ದರು. ಫೋನಿನಲ್ಲೇ ಕಲಿಸಿದರು. ಚುಕ್ಕೆ ಗೆರೆಗಳ ಸದ್ದು ನಳಿನಿಗೆ ನಾಲ್ಕು ತಿಂಗಳಲ್ಲಿ ಮಾತಿನಷ್ಟೇ ಸಲೀಸಾಯಿತು. ಪರೀಕ್ಷೆ ಬರೆದಳು. ಕೇಂದ್ರ ಸರ್ಕಾರದ ಲೈಸೆನ್ಸು ಬಂತು, ಅವಳ ಹೆಸರಿನಲ್ಲಿ, ಅವಳದೇ ಕರೆಗುರುತಿನೊಂದಿಗೆ. ವಾಮನರಾಯರು ತಮ್ಮ ಹಳೆಯ ರೇಡಿಯೊ ಪೆಟ್ಟಿಗೆಯನ್ನೇ ಕೊಟ್ಟರು. ಅದರಲ್ಲಿ ಜಪಾನು, ಇಟಲಿ, ಬ್ರೆಜಿಲ್ಲು ಎಲ್ಲವೂ ಇದ್ದವು. ಅವನ್ನು ಹಿಡಿಯಲು ಆಂಟೆನಾ ಮಾತ್ರ ಇರಲಿಲ್ಲ.

"ಕೊಂಡುಕೋಬ್ಯಾಡ, ಕಟ್ಟು," ಎಂದರು ರಾಯರು. "ನೆಟ್ಟಗ ನಿಂತ ಐದು ಮೀಟರ್ ಪೈಪು, ಅದರ ಬುಡದಾಗ ಸುತ್ತಲೂ ಹರಡಿದ ತಂತಿ. ಇಷ್ಟ ಅದು."

"ನನ್ನ ಕೈಲಾಗತ್ತಾ ಸರ್?"

"ಯಾಕ ಆಗಂಗಿಲ್ಲ? ಪೈಪು ಜೋಡಿಸೋದು ಕೈ. ಕಣ್ಣು ಸುಮ್ನ ನೋಡಕೋತ ಕೂಡ್ತದ."

ಕಚೇರಿಯ ಹಿಂದಿನ ಗಲ್ಲಿಯಲ್ಲಿ ಪರದೆ ಕೋಲು, ಕಿಟಕಿ ಚೌಕಟ್ಟು ಮಾರುವ ಅಂಗಡಿಯಿತ್ತು. ನಳಿನಿ ಒಬ್ಬಳೇ ಹೋಗಿ, ಒಂದರೊಳಗೊಂದು ತೂರುವ ಐದೈದು ಅಡಿಯ ನಾಲ್ಕು ಅಲ್ಯೂಮಿನಿಯಂ ಪೈಪು ಆರಿಸಿದಳು. ತೂರಿಸಿ, ಅಲ್ಲಾಡಿಸಿ, ಸಡಿಲವಿದ್ದದ್ದನ್ನು ವಾಪಸ್ಸು ಕೊಟ್ಟಳು. ಅಂಗಡಿಯವನು ಮೊದಲು ಸಹಾಯಕ್ಕೆ ಬಂದ, ಆಮೇಲೆ ಸುಮ್ಮನೆ ನಿಂತ, ಕೊನೆಗೆ ಅಕ್ಕ ಎಂದು ಗುಜರಾತಿಯಲ್ಲಿ ಕರೆದು, "ಬೆನ್, ನೀವು ಯಾವ ಕಂಪನಿ?" ಎಂದು ಕೇಳಿದ. ಆಟೋದ ಎರಡೂ ಪಕ್ಕಕ್ಕೆ ಪೈಪು ಚಾಚಿಕೊಂಡು ಬೋಪಾಲ್ ಮುಟ್ಟಿದಾಗ ಅವಳಿಗೆ ಯಾವುದೋ ಗಡಿ ದಾಟಿ ಬಂದಷ್ಟು ಖುಷಿಯಾಗಿತ್ತು.

ಮೂರು ವಾರ ಬಾಲ್ಕನಿಯೇ ಕಾರ್ಖಾನೆಯಾಯಿತು. ಹೊಲಿಗೆಯ ಟೇಪಿಗೆ ಹತ್ತು ಸೆಂಟಿಮೀಟರಿಗೊಂದರಂತೆ ಸ್ಟೇಪ್ಲರ್ ಪಿನ್ನು ಚುಚ್ಚಿಕೊಂಡಳು. ಬೆರಳು ಪಿನ್ನು ಎಣಿಸುತ್ತಿತ್ತು. ಪೈಪಿನ ಬಾಯಿಯನ್ನು ಗರಗಸದ ಬ್ಲೇಡಿನಿಂದ ಸೀಳಿ, ಅರದಿಂದ ಉಜ್ಜಿ ನುಣುಪು ಮಾಡಿ, ನೀರಿನ ಪೈಪಿಗೆ ಹಾಕುವ ಸ್ಕ್ರೂ ಕ್ಲಿಪ್ಪಿನಿಂದ ಬಿಗಿದಳು. ತೆಳು ತಾಮ್ರದ ತಂತಿಯನ್ನು ಐದೈದು ಮೀಟರಿಗೆ ಹದಿನಾರು ತುಂಡು ಮಾಡಿದಳು. ಎಡಗೈ ತೋರುಬೆರಳಿಗೆ ಎರಡು ಸಲ ಗಾಯವಾಯಿತು. ಶೇಷಾದ್ರಿ ಎರಡು ಸಲವೂ ಬ್ಯಾಂಡೇಜು ಸುತ್ತುತ್ತ, "ಒಬ್ಬ ಫಿಟ್ಟರನ್ನ ಕರೆದ್ರೆ ಅರ್ಧ ದಿನದ ಕೆಲಸ," ಎಂದ. ಅವನ ದನಿಯಲ್ಲಿ ಬೇಸರವಿರಲಿಲ್ಲ, ನಿಜವಾದ ನೋವಿತ್ತು. ಅದಕ್ಕೇ ಅವಳಿಗೆ ಸಿಟ್ಟು ಮಾಡಲು ಆಗುತ್ತಿರಲಿಲ್ಲ.

ಪೈಪುಗಳು ಲಿಫ್ಟಿನಲ್ಲಿ ಬಂದದ್ದು ಕಟ್ಟಡದ ನಿವಾಸಿಗಳ ಸೊಸೈಟಿಯ ಕಾರ್ಯದರ್ಶಿ ಪ್ರದ್ಯುಮ್ನಭಾಯಿಗೆ ತಿಳಿಯಿತು. ಟೈಲ್ಸ್ ಅಂಗಡಿ ಇಟ್ಟುಕೊಂಡಿದ್ದ ಅವರು ಸಭ್ಯರು, ಯಾರಿಗೂ ಜೋರು ಮಾತಾಡಿದವರಲ್ಲ. ಕಮಿಟಿಯ ಮುಂದೆ ಬಂದು ಒಂದು ಮಾತು ಹೇಳಿಬಿಡಿ ಬೆನ್ ಎಂದರು. ನಳಿನಿ ಲೈಸೆನ್ಸಿನ ಪ್ರತಿ ಹಿಡಿದು ಕೆಳಗಿನ ಕಚೇರಿ ಕೋಣೆಗೆ ಹೋದಳು. ಅಲ್ಲಿ ಪ್ರದ್ಯುಮ್ನಭಾಯಿಯ ಜೊತೆಗೆ ಇನ್ನಿಬ್ಬರು ಸದಸ್ಯರಿದ್ದರು.

ಮಾತೆಲ್ಲ ಹಿಂದಿಯಲ್ಲಿ. ವಿಕಿರಣದಿಂದ ಮಕ್ಕಳಿಗೆ ತೊಂದರೆಯಾಗುವುದಿಲ್ಲವೇ ಎಂದರು. ರೇಡಿಯೊದ ಶಕ್ತಿ ಎಷ್ಟು, ಕಂಬ ತಾರಸಿಯ ಮೂಲೆಯಲ್ಲಿರುವುದು ಏಕೆ ಎಂದು ಹೇಳಿದಳು. ಸಿಡಿಲು ಎಂದರು. ಮೋಡವಾದರೆ ಕೇಬಲ್ಲು ಕಳಚಿ ಭೂಮಿಗೆ ಜೋಡಿಸುವುದನ್ನು ವಿವರಿಸಿದಳು. ಸಂಕ್ರಾಂತಿಯ ಉತ್ತರಾಯಣ ಹಬ್ಬದಲ್ಲಿ ಗಾಳಿಪಟದ ದಾರ ಸಿಕ್ಕಿಕೊಳ್ಳುತ್ತದಲ್ಲ ಎಂದರು.

"ಆ ಎರಡು ದಿನ ನಾನೇ ಇಳಿಸಿ ಇಡ್ತೀನಿ. ನಿಮ್ಮ ಪತಂಗಕ್ಕೆ ನಾನು ಅಡ್ಡ ಬರಲ್ಲ."

ಒಬ್ಬರು ನಕ್ಕರು. ಕೆಲಸ ಆದಂತೆಯೇ ಅನ್ನಿಸಿತು. ಆಗ ಪ್ರದ್ಯುಮ್ನಭಾಯಿ ಮೆಲ್ಲಗೆ ಕೇಳಿದರು:

"ಅದು ಯಾರ ಮೇಲಾದರೂ ಬಿದ್ದರೆ ಜವಾಬ್ದಾರಿ ಯಾರದು?"

"ನನ್ನದು."

ಕುರ್ಚಿಯೊಂದು ಕಿರುಗುಟ್ಟಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದಾರೆಂದು ತಿಳಿಯಲು ನಳಿನಿಗೆ ಕಣ್ಣು ಬೇಕಿರಲಿಲ್ಲ.

"ಅದು ಸರಿ ಬೆನ್. ತಪ್ಪು ತಿಳೀಬೇಡಿ. ನೋಡಿಕೊಳ್ಳೋರು ಅಂತ ಒಬ್ಬರು ಬೇಕಲ್ಲ? ಶೇಷಾದ್ರಿಭಾಯಿ ಒಂದು ಸಹಿ ಹಾಕಿಬಿಡಲಿ. ಅಷ್ಟೇ. ನಾಳೆಯೇ ನಿಲ್ಲಿಸಿ."

"ಅವರಿಗೆ ಇದರ ಒಂದು ಸ್ಕ್ರೂ ಗೊತ್ತಿಲ್ಲ. ಕಟ್ಟಿದ್ದು ನಾನು, ಲೈಸೆನ್ಸು ನನ್ನದು. ಫ್ಲ್ಯಾಟಿನ ಕಾಗದದಲ್ಲೂ ನನ್ನ ಹೆಸರಿದೆ. ಸಹಿ ನಾನು ಹಾಕ್ತೀನಿ."

"ಕಣ್ಣಿರೋರು ಸಹಿ ಹಾಕಿದರೆ ನಮಗೂ ಧೈರ್ಯ."

"ನಿಮ್ಮ ನಿಯಮದ ಪುಸ್ತಕ ತೆಗೀರಿ. ಅದರಲ್ಲಿ ಕಣ್ಣು ಅನ್ನೋ ಮಾತು ಎಲ್ಲಿದೆಯೋ ಓದಿ ಹೇಳಿ."

ಯಾರೂ ಪುಸ್ತಕ ತೆಗೆಯಲಿಲ್ಲ. ನಳಿನಿ ಮಡಿಚಿಟ್ಟಿದ್ದ ಬಿಳಿ ಕೋಲು ಬಿಚ್ಚಿಕೊಂಡು ಮೇಲೆ ಬಂದಳು. ಅವತ್ತು ಸಂಜೆ ಇಡೀ ಮಾತುಕತೆಯನ್ನು ಶೇಷಾದ್ರಿಗೆ ಒಪ್ಪಿಸಿ, "ನೀವು ಸಹಿ ಹಾಕಕೂಡದು, ಗೊತ್ತಾಯ್ತಾ? ಆಂಟೆನಾ ಇಲ್ಲದಿದ್ರೂ ಪರವಾಗಿಲ್ಲ," ಎಂದಳು. ಶೇಷಾದ್ರಿ "ಹೂಂ" ಎಂದ.

ಹತ್ತು ದಿನದ ಮೇಲೆ ಅವನೇ ಸುದ್ದಿ ತಂದ. ಕಮಿಟಿಯವರು ಒಪ್ಪಿದ್ದಾರಂತೆ. ನಳಿನಿಗೆ ಆಶ್ಚರ್ಯ. "ಪುಸ್ತಕ ಓದಿದ್ರು ಅಂತ ಕಾಣತ್ತೆ," ಎಂದು ನಕ್ಕಳು. ಅವನೂ ನಕ್ಕ.

ದೀಪಾವಳಿ ಕಳೆದ ಭಾನುವಾರ ಆಂಟೆನಾ ತಾರಸಿಗೆ ಹೋಯಿತು. ಹಿಂದೆ ಯಾರೋ ಬಟ್ಟೆ ಒಣಹಾಕಲು ನೆಟ್ಟಿದ್ದ ಕಬ್ಬಿಣದ ಕಂಬದ ಮೋಟು ಮೂಲೆಯಲ್ಲಿತ್ತು. ಅದಕ್ಕೆ ಹೆಚ್ಚುವ ಹಲಗೆಯನ್ನು ಬೋಲ್ಟು ಹಾಕಿ ಬಿಗಿದು, ಹಲಗೆಗೆ ಪೈಪು ಕಟ್ಟಿ, ಮೂರು ದಿಕ್ಕಿಗೆ ನೈಲಾನ್ ಹಗ್ಗ ಎಳೆದಳು. ಬುಡದಿಂದ ಹದಿನಾರು ತಂತಿಗಳನ್ನು ನೆಲಕ್ಕೆ ಹರಡಿ, ಮೇಲೆ ಅಲ್ಲಲ್ಲಿ ಒಡಕು ಟೈಲ್ಸ್ ಇಟ್ಟಳು. ಇನ್ನು ಉಳಿದದ್ದು ಶ್ರುತಿ ಮಾಡುವುದು. ಅದಕ್ಕೆಂದೇ ವಾಮನರಾಯರು ಸಣ್ಣದೊಂದು ಪೆಟ್ಟಿಗೆ ಮಾಡಿಕೊಟ್ಟಿದ್ದರು. ಪೈಪಿನ ಉದ್ದ ಸರಿಯಿಲ್ಲದಿದ್ದರೆ ಅದು ಕೀರಲು ದನಿಯಲ್ಲಿ ಕೂಗುತ್ತದೆ. ಸರಿಯಾದಂತೆಲ್ಲ ದನಿ ಇಳಿಯುತ್ತದೆ.

ಮೊದಲ ಸಲ ಪೆಟ್ಟಿಗೆ ಕಿವಿ ಹರಿಯುವಂತೆ ಕಿರುಚಿತು. ನಳಿನಿ ಪೈಪನ್ನು ಮಲಗಿಸಿ ತುದಿಯ ತುಂಡನ್ನು ಎರಡು ಬೆರಳಗಲ ಒಳಗೆ ತಳ್ಳಿ, ಬಿಗಿದು, ನಿಲ್ಲಿಸಿ, ನಾಲ್ಕು ಹೆಜ್ಜೆ ಹಿಂದೆ ಬಂದು ಕೇಳಿದಳು. ಕೂಗು ಕೊಂಚ ಇಳಿಯಿತು. ಮತ್ತೆ ಮಲಗಿಸಿದಳು. ಏಳು ಸಲ ಹೀಗೆ. ಎಂಟನೆಯ ಸಲ ದನಿ ಇಳಿದು ಇಳಿದು ಸೊಳ್ಳೆಯ ಗುಂಯ್‌ನಷ್ಟಾಗಿ ನಿಂತೇಹೋಯಿತು. ಬಿಸಿಲಿನಲ್ಲಿ ನಿಂತ ಅವಳ ಬೆನ್ನು ಬೆವರಿನಿಂದ ತೊಯ್ದಿತ್ತು. ಅಂಥ ಮೌನವನ್ನು ಅವಳು ಹಿಂದೆಂದೂ ಕೇಳಿರಲಿಲ್ಲ.

ಆ ಸಂಜೆ ಅವಳ ಮೋರ್ಸ್ ಕರೆಗೆ ಇಟಲಿಯ ಬಂದರೂರಿನ ಒಬ್ಬ ಉತ್ತರಿಸಿದ. ಎರಡು ವಾರದಲ್ಲಿ ಇಪ್ಪತ್ತಮೂರು ದೇಶ. ನಡುನಡುವೆ ತಾರಸಿಗೆ ಹೋಗಿ ಹಗ್ಗ, ಕ್ಲಿಪ್ಪು ಮುಟ್ಟಿ ನೋಡಬೇಕಾಗುತ್ತಿತ್ತು. ಅವಳು ಚಪ್ಪಲಿ ಹಾಕುವ ಸದ್ದಾದರೆ ಸಾಕು, ಶೇಷಾದ್ರಿ ಪೇಪರು ಮಡಿಚಿ, "ನಾನೂ ಬರ್ತೀನಿ," ಎನ್ನುತ್ತಿದ್ದ. ಮೇಲೆ ಬಂದು ಸುಮ್ಮನೆ ನಿಂತಿರುತ್ತಿದ್ದ. ಇಷ್ಟು ವರ್ಷಕ್ಕೆ ತನ್ನದೊಂದು ಹುಚ್ಚು ಅವನಿಗೂ ಹಿಡಿಸಿತಲ್ಲ ಎಂದು ನಳಿನಿ ಒಳಗೊಳಗೇ ಹಿಗ್ಗಿದಳು.

ಒಂದು ಗುರುವಾರ ಮಧ್ಯಾಹ್ನ, ಕಚೇರಿಯಲ್ಲಿ ಚಹಾ ಕುಡಿಯುತ್ತ ಫೋನಿನ ಸಂದೇಶಗಳನ್ನು ಕೇಳುತ್ತಿದ್ದಳು. ಓದಿ ಹೇಳುವ ಯಂತ್ರದ ದನಿಯನ್ನು ಅವಳು ಓಡುವಷ್ಟು ವೇಗಕ್ಕೆ ಇಟ್ಟಿದ್ದಳು. ಸೊಸೈಟಿಯ ಗುಂಪಿನಲ್ಲಿ ಯಾರೋ ಕಮಿಟಿಯ ಮೂರು ತಿಂಗಳ ನಡಾವಳಿ ಹಾಕಿದ್ದರು. ನೀರಿನ ಪಂಪು, ಪಾರ್ಕಿಂಗಿನ ಬಣ್ಣ, ಪಾರಿವಾಳದ ಬಲೆ ಎಲ್ಲ ಓದಿದ ದನಿ ಅದೇ ಧಾಟಿಯಲ್ಲಿ ಮುಂದುವರಿಯಿತು: ಫ್ಲ್ಯಾಟ್ ಐನೂರ ಮೂರು. ಶ್ರೀ ಶೇಷಾದ್ರಿಯವರು ಕೊಟ್ಟ ಮುಚ್ಚಳಿಕೆಯ ಮೇರೆಗೆ ಆಂಟೆನಾಕ್ಕೆ ಅನುಮತಿ. ಪತ್ನಿ ದೃಷ್ಟಿಹೀನರಾದ್ದರಿಂದ ಒಬ್ಬರೇ ತಾರಸಿಗೆ ಹೋಗತಕ್ಕದ್ದಲ್ಲ. ಆಂಟೆನಾದ ಅಳವಡಿಕೆ, ನಿರ್ವಹಣೆ ಮತ್ತು ಸಕಲ ಜವಾಬ್ದಾರಿ ಶ್ರೀ ಶೇಷಾದ್ರಿಯವರದು.

ನಳಿನಿ ಹಿಂದಕ್ಕೆ ಸರಿಸಿ ಇನ್ನೊಮ್ಮೆ ಕೇಳಿದಳು. ಈ ಸಲ ವೇಗ ಕಡಿಮೆ ಮಾಡಿ, ಒಂದೊಂದೇ ಪದ. ಚಹಾ ಆರಿಹೋಯಿತು.

ಸಂಜೆ ಶೇಷಾದ್ರಿ ಬಾಗಿಲು ತೆಗೆದು ಒಳಗೆ ಬಂದಾಗ ಅವಳು ಊಟದ ಮೇಜಿನ ಮುಂದೆ ಕೂತಿದ್ದಳು. ಚೀಲ ಇಡುವುದಕ್ಕೂ ಬಿಡದೆ ಕೇಳಿದಳು:

"ಆಂಟೆನಾದ ಅಳವಡಿಕೆ ನಿಮ್ಮದಂತಲ್ಲ. ಹೇಳಿ ನೋಡೋಣ. ಮೂರನೇ ಪೈಪು ಎರಡನೇದರೊಳಗೆ ಎಷ್ಟು ಹೋಗಿದೆ?"

ಅವನು ಚೀಲವನ್ನು ಕುರ್ಚಿಗೆ ಒರಗಿಸಿದ.

"ತಂತಿ ಎಷ್ಟಿವೆ? ಅದನ್ನಾದರೂ ಹೇಳಿ. ನನ್ನ ಜೊತೆ ದಿನಾ ಬಂದು ನಿಂತಿರ್ತೀರಲ್ಲ?"

"ನಳಿನೀ... ಅದು ಬರೀ ಒಂದು ಕಾಗದ ಕಣೇ. ಅವರಿಗೆ ಫೈಲಿಗೆ ಬೇಕಿತ್ತು, ಹಾಕಿಕೊಟ್ಟೆ. ಮೂವತ್ತು ವರ್ಷ ಇಂಥ ಕಾಗದ ನೋಡಿದೀನಿ ನಾನು. ಅದನ್ನ ಯಾರೂ ಮತ್ತೆ ತೆಗೆದು ಓದಲ್ಲ."

"ನಾನು ಓದಿದೆ."

"ನಿನಗೆ ಆಂಟೆನಾ ಬೇಕಿತ್ತು. ಕೊಡಿಸಿದೆ. ಅದು ತಪ್ಪಾ?"

"ನಾನು ಕಟ್ಟಿದ್ದನ್ನ ನೀವು ಹೇಗ್ರೀ ಕೊಡಿಸ್ತೀರಿ?" ಅವಳ ದನಿ ಏರಿತು. "ಬೇಡ ಅಂತ ಹೇಳಿದ್ದೆ. ಹೂಂ ಅಂದಿರಿ. ಆಮೇಲೆ ನಾನು ಒಬ್ಬಳೇ ಮೇಲೆ ಹೋಗಲ್ಲ ಅಂತ ನನ್ನ ಪರವಾಗಿ ಬರೆದುಕೊಟ್ಟಿರಿ. ನೀವು ಪ್ರೀತಿಗೆ ಬರ್ತಿದೀರಿ ಅಂದ್ಕೊಂಡಿದ್ದೆ ನಾನು. ನೀವು ಕಾವಲಿಗೆ ಬರ್ತಿದ್ರಿ."

"ಹಾಗಲ್ಲ ಅದು..."

"ಹಾಗೇ ಬರ್ದಿದೆ. ಬೇಕಾದ್ರೆ ಕೇಳಿಸ್ತೀನಿ."

ಅವನು ಬೇಡವೆಂದ.

ಮರುದಿನ ಸೂರತ್ತಿನಿಂದ ಮಗಳ ಫೋನು. ಅಪ್ಪ ಹೇಳಿರಬೇಕು. "ಮಮ್ಮಾ, ಪಪ್ಪಾ ಜಸ್ಟ್ ಪ್ರಾಬ್ಲೆಮ್ ಸಾಲ್ವ್ ಮಾಡಿದ್ರು ನಾ? ನೀನು ಇಷ್ಟೊಂದು ಗುಸ್ಸಾ ಯಾಕೆ ಆಗ್ತೀಯ?" ಎಂದಳು ನಿಶ್ಚಿತಾ ತನ್ನ ಕಲಬೆರಕೆ ಕನ್ನಡದಲ್ಲಿ. ನಳಿನಿ ನಡಾವಳಿಯ ಆ ನಾಲ್ಕು ಸಾಲನ್ನು ಅವಳಿಗೆ ಹೇಳಿದಳು. "ಓಕೆ," ಎಂದಳು ಮಗಳು, "ನನ್ನ ಬಗ್ಗೆ ಯಾರಾದ್ರೂ ಹೀಗೆ ಬರೆದ್ರೆ ನಾನು ಆ ಆಫೀಸ್ ಬಾಗಿಲು ಮುರೀತಿದ್ದೆ."

ವಾಮನರಾಯರಿಗೂ ಹೇಳಿದಳು. ಅವರು ಕೇಳಿದ್ದು ಒಂದೇ ಪ್ರಶ್ನೆ. "ಲೈಸೆನ್ಸ್ ಯಾರ ಹೆಸರಿನಾಗ ಅದ?"

"ನನ್ನ ಹೆಸರಲ್ಲಿ."

"ಮತ್ತ?"

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ನಳಿನಿ ಸ್ಪ್ಯಾನರಿನ ಚೀಲ ಹೆಗಲಿಗೇರಿಸಿ ಬಾಗಿಲು ತೆಗೆದಳು. ಶೇಷಾದ್ರಿ ಎದ್ದು ನಿಂತದ್ದು ಕೇಳಿಸಿತು. "ನೀವು ಬರಬೇಡಿ," ಎಂದಳು. ಅವನು ಕೂತ.

ತಾರಸಿಯಲ್ಲಿ ಇಬ್ಬರು ಹೆಂಗಸರು ಬಟ್ಟೆ ಹರವುತ್ತಿದ್ದರು. ಅವರಲ್ಲೊಬ್ಬರು ಓಡಿಹೋಗಿ ಕೆಳಗೆ ಸುದ್ದಿ ಮುಟ್ಟಿಸಿದರು. ಪ್ರದ್ಯುಮ್ನಭಾಯಿ ಏದುಸಿರು ಬಿಡುತ್ತ ಬರುವ ಹೊತ್ತಿಗೆ ನಳಿನಿ ಒಂದು ಹಗ್ಗ ಸಡಿಲಿಸಿ, ಹಲಗೆಯ ಬೋಲ್ಟು ಬಿಚ್ಚಿ, ಐದು ಮೀಟರಿನ ಪೈಪನ್ನು ಹೆಗಲ ಮೇಲೆ ತೂಗಿಸಿಕೊಂಡು, ಕೈ ಮೇಲೆ ಕೈ ಸರಿಸುತ್ತ ನೆಲಕ್ಕೆ ಇಳಿಸುತ್ತಿದ್ದಳು. ಪೈಪು ಹಗುರ, ಗಾಳಿ ಇರಲಿಲ್ಲ. ಅದು ಸದ್ದಿಲ್ಲದೆ ಮಲಗಿತು.

"ಇಳಿಸಿಬಿಟ್ಟಿರಾ ಬೆನ್?" ಎಂದರು ಪ್ರದ್ಯುಮ್ನಭಾಯಿ. ಅವರ ದನಿಯಲ್ಲಿ ನಿರಾಳ. "ಒಳ್ಳೇದಾಯ್ತು. ಯಾಕೆ ಸುಮ್ಮನೆ ತಲೆನೋವು."

ನಳಿನಿ ಚೀಲದಿಂದ ಒಂದು ಲಕೋಟೆ ತೆಗೆದು ದನಿ ಬಂದ ಕಡೆಗೆ ಚಾಚಿದಳು. "ಇದರಲ್ಲಿ ನನ್ನ ಪತ್ರ ಇದೆ. ಆಂಟೆನಾ ನನ್ನದು, ಜವಾಬ್ದಾರಿ ನನ್ನದು, ನೋಡಿಕೊಳ್ಳೋಳು ನಾನೇ ಅಂತ ಬರೆದು ನಾನೇ ಸಹಿ ಹಾಕಿದೀನಿ. ಸಾಕ್ಷಿ ಇಲ್ಲ. ಲೈಸೆನ್ಸಿನ ಪ್ರತಿ ಜೊತೆಗಿದೆ. ನನ್ನ ಗಂಡ ಕೊಟ್ಟ ಕಾಗದ ವಾಪಸ್ಸು ಕೊಡಿ."

"ಅದು ಹಾಗೆ ಆಗಲ್ಲ ಬೆನ್. ಕಮಿಟಿ..."

ಅವರು ಮಾತು ಮುಗಿಸುವಷ್ಟರಲ್ಲಿ ನಳಿನಿ ಬಗ್ಗಿ ಪೈಪಿನ ಬುಡವನ್ನು ಮತ್ತೆ ಹಲಗೆಗೆ ಆನಿಸಿಯಾಗಿತ್ತು.

"ಏನು ಮಾಡ್ತಿದೀರಿ? ಈಗ ತಾನೇ ಇಳಿಸಿದಿರಲ್ಲ!"

"ಇಳಿಸಿದ್ದು ಅವರ ಸಹಿಯ ಮೇಲೆ ನಿಂತಿದ್ದ ಆಂಟೆನಾ," ಎಂದಳು ನಳಿನಿ ಪೈಪನ್ನು ಎತ್ತುತ್ತ. "ಈಗ ನಿಲ್ಲಿಸ್ತಿರೋದು ನನ್ನದು."

ಬಟ್ಟೆ ಹರವುತ್ತಿದ್ದ ಹೆಂಗಸು ಫಕ್ಕನೆ ನಕ್ಕಳು. ಪ್ರದ್ಯುಮ್ನಭಾಯಿ ನಗಲಿಲ್ಲ. ನಳಿನಿ ಬೋಲ್ಟು ಬಿಗಿದು, ಹಗ್ಗ ಎಳೆದು, ಮೂರೂ ಹಗ್ಗವನ್ನು ಬೆರಳಿನಿಂದ ಮೀಟಿ ಒಂದೇ ಬಿಗಿ ಇದೆಯೇ ಎಂದು ಕೇಳಿ ನೋಡುವ ತನಕವೂ ಅವರು ಅಲ್ಲೇ ನಿಂತಿದ್ದರು. ಪೈಪಿಗೆ ಕೈ ಹಾಕುವ ಧೈರ್ಯ ಅವರಿಗಿರಲಿಲ್ಲ. ಲಕೋಟೆಯಲ್ಲಿ ಕೇಂದ್ರ ಸರ್ಕಾರದ ಮೊಹರಿತ್ತು.

ಮಾರನೆಯ ದಿನ ತಾರಸಿಯ ಬಾಗಿಲಿಗೆ ಹೊಸ ಬೀಗ ಬಿತ್ತು, ಮನೆಮನೆಗೂ ಕೀಲಿ ಹಂಚಿದರು. ಸಂಜೆ ಶೇಷಾದ್ರಿ ಅದರ ಕೀಲಿಯೊಂದನ್ನು ತಂದು ಮೇಜಿನ ಮೇಲಿಟ್ಟ. "ನನ್ನ ಕೈಗೆ ಕೊಟ್ಟರು. ಮುಚ್ಚಳಿಕೆ ಕೊಟ್ಟೋರು ಅಂತ." ಅದನ್ನು ಅವಳ ಕಡೆಗೆ ಸರಿಸಿ, "ತಗೋ," ಎಂದ.

ಅವಳು ಕೀಲಿಯನ್ನು ಮುಟ್ಟಲಿಲ್ಲ. "ಅದು ನಿಮಗೆ ಕೊಟ್ಟಿದ್ದು," ಎಂದಳು.

ಕೀಲಿ ಆರು ದಿನ ಮೇಜಿನ ಮೇಲೇ ಇತ್ತು. ಇಬ್ಬರೂ ಅದರ ಪಕ್ಕದಲ್ಲೇ ತಟ್ಟೆ ಇಟ್ಟುಕೊಂಡು ಉಂಡರು. ಕೆಳಗೆ ಕೂತು ನಳಿನಿ ದಿನವೂ ರೇಡಿಯೊ ಹಚ್ಚಿದಳು. ನಾಲ್ಕನೆಯ ದಿನ ಗಾಳಿ ಜೋರಾಯಿತು. ದೂರದ ಸ್ಟೇಷನ್ನುಗಳು ಮಂಕಾದವು. ಯಾವುದೋ ಕ್ಲಿಪ್ಪು ಸಡಿಲಾಗಿ ತುದಿಯ ಪೈಪು ಜಾರಿದೆಯೆಂದು ಅವಳಿಗೆ ಕೂತಲ್ಲೇ ಗೊತ್ತಾಯಿತು. ಮೆಟ್ಟಿಲು ಹತ್ತಿ ಬೀಗವನ್ನು ಮುಟ್ಟಿ ನೋಡಿ ಬಂದಳು.

ಶನಿವಾರ ಸಂಜೆ ಪಾರ್ಕಿಂಗಿನಲ್ಲಿ ಸರ್ವಸದಸ್ಯರ ಸಭೆ. ಪ್ಲಾಸ್ಟಿಕ್ ಕುರ್ಚಿಗಳು, ನಲವತ್ತು ಮನೆಯವರು. ಆಂಟೆನಾದ ವಿಷಯ ಬಂದಾಗ ಪ್ರದ್ಯುಮ್ನಭಾಯಿ ನಿಷ್ಪಕ್ಷಪಾತವಾಗಿಯೇ ಹೇಳಿದರು. ನಳಿನಿಬೆನ್ ಬಗ್ಗೆ ಎಲ್ಲರಿಗೂ ಗೌರವವಿದೆ, ಕಾಳಜಿಯಿಂದ ಮಾಡಿದ ವ್ಯವಸ್ಥೆ ಇದು, ಶೇಷಾದ್ರಿಭಾಯಿಯೇ ಒಪ್ಪಿ ಬರೆದುಕೊಟ್ಟಿದ್ದಾರೆ ಎಂದರು.

ನಳಿನಿ ಏಳಬೇಕೆನ್ನುವಷ್ಟರಲ್ಲಿ ಪಕ್ಕದ ಕುರ್ಚಿ ಸರಿಯಿತು. ಶೇಷಾದ್ರಿ ಎದ್ದು ನಿಂತಿದ್ದ. ಸಭೆಗಳಲ್ಲಿ ಬಾಯಿ ಬಿಟ್ಟವನಲ್ಲ ಅವನು. ಅವನ ಹಿಂದಿ ತಡವರಿಸುತ್ತಿತ್ತು.

"ನಾನು ಬರೆದುಕೊಟ್ಟಿದ್ದು ಸುಳ್ಳು," ಎಂದ. "ಅಳವಡಿಕೆ ನನ್ನದು ಅಂತ ಬರೆದೆ. ನನಗೆ ಅದರ ತಲೆ ಬುಡ ಗೊತ್ತಿಲ್ಲ. ನನ್ನ ಹೆಂಡತಿ ಒಬ್ಬಳೇ ಮೇಲೆ ಹೋಗಲ್ಲ ಅಂತ ಬರೆದೆ. ಅದನ್ನ ಬರೆಯೋ ಹಕ್ಕು ನನಗಿರಲಿಲ್ಲ, ಅವಳು ಬೇಡ ಅಂದಿದ್ದಳು. ಕಾಗದ ವಾಪಸ್ಸು ಕೊಡಿ. ಇದು ನಿಮ್ಮ ಕೀಲಿ." ಮೇಜಿನ ಮೇಲೆ ಲೋಹದ ಸದ್ದಾಯಿತು.

ಗದ್ದಲವೆದ್ದಿತು. ನಾಳೆ ಬಿದ್ದು ಕೈಕಾಲು ಮುರಿದುಕೊಂಡರೆ ಎಂದರು ಒಬ್ಬರು. ಎರಡನೇ ಮಹಡಿಯ ಮಂಡಿನೋವಿನ ಅಜ್ಜಿಯೊಬ್ಬರು, ಲಿಫ್ಟು ಕೆಟ್ಟ ದಿನ ತನ್ನ ತರಕಾರಿ ಚೀಲ ಹೊತ್ತು ಮೆಟ್ಟಿಲು ಹತ್ತಿದವಳು ಇವಳೇ, ಕಣ್ಣಿದ್ದ ನೀವೆಲ್ಲ ಎಲ್ಲಿದ್ದಿರಿ ಎಂದು ಗುಜರಾತಿಯಲ್ಲಿ ಬೈದರು. ಕೆಲವರು ನಕ್ಕರು, ಕೆಲವರು ಇನ್ನೂ ಜೋರಾದರು. ನಳಿನಿ ಎಲ್ಲ ತಣ್ಣಗಾಗಲಿ ಎಂದು ಕಾದಳು. ಆಮೇಲೆ ಎದ್ದಳು.

"ನನಗೆ ನಿಮ್ಮ ಕಾಳಜಿ ಬೇಡ ಅಂತಲ್ಲ. ಆದರೆ ಬಟ್ಟೆ ಒಣಹಾಕೋಕೆ ಹೋಗೋ ಯಾರ ಹತ್ತಿರವೂ ನೀವು ಗಂಡನ ಸಹಿ ಕೇಳಿಲ್ಲ. ಎಲ್ಲರಿಗೂ ಕೀಲಿ ಇದೆ. ನನಗೂ ಒಂದು ಕೊಡಿ, ನನ್ನ ಕೈಗೆ. ಅದು ಸಿಗೋವರೆಗೂ ನಾನು ಈ ಕುರ್ಚಿ ಬಿಟ್ಟು ಏಳಲ್ಲ." ಹಾಗೆಂದು ಕೂತಳು.

ಸಭೆ ಮುಂದಿನ ವಿಷಯಕ್ಕೆ ಹೋಯಿತು. ನೀರಿನ ಟ್ಯಾಂಕು, ಕಾವಲುಗಾರನ ರಜೆ. ವಂದನಾರ್ಪಣೆ ಆಯಿತು, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದರು. ನಳಿನಿ ಏಳಲಿಲ್ಲ. ಪಕ್ಕದಲ್ಲಿ ಶೇಷಾದ್ರಿಯೂ ಏಳಲಿಲ್ಲ. ಪೇರಿಸುವವರು ಇವರಿಬ್ಬರ ಹತ್ತಿರ ಬಂದು ಸುಮ್ಮನೆ ನಿಂತರು.

"ನೀವು ಮನೆಗೆ ಹೋಗಿ," ಎಂದಳು ಮೆಲ್ಲಗೆ, ಕನ್ನಡದಲ್ಲಿ.

"ನಾನು ಕಾವಲಿಗೆ ಕೂತಿಲ್ಲ," ಎಂದ ಅವನು. "ನನಗೂ ಸಿಟ್ಟು ಬಂದಿದೆ."

ಅರ್ಧ ಗಂಟೆಯ ಮೇಲೆ ಪ್ರದ್ಯುಮ್ನಭಾಯಿ ನಿಟ್ಟುಸಿರು ಬಿಡುತ್ತ ಬಂದು ಅವಳ ಅಂಗೈಯಲ್ಲಿ ಕೀಲಿ ಇಟ್ಟರು. ಸದ್ಯಕ್ಕೆ ಇರಲಿ, ಮುಂದಿನ ಸಭೆಯಲ್ಲಿ ಮತ್ತೆ ಮಾತಾಡೋಣ ಎಂದರು. ಶೇಷಾದ್ರಿಯ ಕಾಗದವನ್ನೂ ಕೊಟ್ಟರು. ಅವಳ ಪತ್ರವನ್ನು ಫೈಲಿನಲ್ಲಿ ಇಟ್ಟುಕೊಂಡದ್ದನ್ನು ಮಾತ್ರ ಅವರು ಹೇಳಲಿಲ್ಲ. ಫೈಲಿಗೆ ಪೋಣಿಸಲು ಕಾಗದಕ್ಕೆ ತೂತು ಹಾಕುವ ಸದ್ದನ್ನು ಅವಳೇ ಕೇಳಿಸಿಕೊಂಡಿದ್ದಳು.

ಬೆಳಗ್ಗೆ ನಳಿನಿ ಒಬ್ಬಳೇ ಮೇಲೆ ಹೋದಳು. ಶೇಷಾದ್ರಿ ಪೇಪರು ಮಡಿಚಲಿಲ್ಲ. ಪುಟ ತಿರುವಿದ ಸದ್ದು ಬೇಕೆಂದೇ ತುಸು ಜೋರಾಗಿತ್ತು. ತಾರಸಿಯಲ್ಲಿ ಚಳಿಗಾಲದ ಒಣ ಗಾಳಿ. ಪೈಪು ಮಲಗಿಸಿ ನೋಡಿದರೆ ಅವಳೆಣಿಸಿದ್ದು ನಿಜ, ತುದಿಯ ತುಂಡು ಮೂರು ಬೆರಳಗಲ ಒಳಗೆ ಜಾರಿತ್ತು. ಎಳೆದು, ಬಿಗಿದು, ನಿಲ್ಲಿಸಿ ಶ್ರುತಿಯ ಪೆಟ್ಟಿಗೆ ಹಚ್ಚಿದಳು. ಅದು ಇನ್ನೂ ಕೊಂಚ ಕೂಗುತ್ತಿತ್ತು. ನೆಲದ ತಂತಿಯೊಂದು ಬುಡದಲ್ಲಿ ಕಿತ್ತುಬಂದಿರಬೇಕೆಂದು ಮಂಡಿಯೂರಿ ಒಂದೊಂದನ್ನೇ ಬೆರಳಿನಿಂದ ಎಣಿಸತೊಡಗಿದಳು. ಒಂಬತ್ತನೆಯದು ಕೈಗೆ ಬಂತು. ಅದರ ತುದಿ ಕೆರೆದು, ಬೋಲ್ಟಿನ ಕೆಳಗೆ ತೂರಿಸಲು ಎಳೆದಳು. ತಂತಿ ಬರಲಿಲ್ಲ.

"ಒಬ್ಬರೇ ಬಂದಿದೀರಾ ಬೆನ್?" ಪ್ರದ್ಯುಮ್ನಭಾಯಿಯ ದನಿ, ನಾಲ್ಕು ಮೀಟರು ದೂರದಿಂದ.

"ಹೌದು."

"ಗಾಳಿ ಜೋರಾಗಿದೆ. ಹುಷಾರು."

"ಹುಷಾರಾಗೇ ಇದೀನಿ," ಎಂದಳು ನಳಿನಿ. "ನೀವು ಕಾಲು ಎತ್ತಿ ಪ್ರದ್ಯುಮ್ನಭಾಯಿ. ನನ್ನ ತಂತಿ ಮೇಲೆ ನಿಂತಿದೀರಿ."

ಅವರು ಗಡಬಡಿಸಿ ಹಿಂದೆ ಸರಿದರು. ನಳಿನಿ ತಂತಿಯನ್ನು ಎಳೆದುಕೊಂಡು ಬೋಲ್ಟಿನ ಕೆಳಗೆ ಸುತ್ತಿ, ಸ್ಪ್ಯಾನರಿನಿಂದ ಇನ್ನೊಂದು ಸುತ್ತು ಬಿಗಿದಳು.